ಮುಳ್ಳು ಹೇಳಿದ ಸುಳ್ಳು

ಟ್ಯಾಂಕಿನ ಬಾಯಿವರೆಗೆ ಪೆಟ್ರೋಲ್ ತುಂಬಿಸಿಕೊಂಡ ಹಳೇ ಜೀಪೊಂದು ನಿಂತಿದೆ. ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಮುಳ್ಳು ಮೆಲ್ಲಗೆ ಎದ್ದು, ಅರ್ಧಕ್ಕೆ ಬಂದು, ಅಲ್ಲೇ ನಿಂತುಬಿಡುತ್ತದೆ. ಉಳಿದರ್ಧ ಪೆಟ್ರೋಲ್ ಎಲ್ಲಿ ಹೋಯಿತು? ಯಾರೂ ಕದ್ದಿಲ್ಲ, ಟ್ಯಾಂಕೂ ಸೋರುತ್ತಿಲ್ಲ. ಮುಳ್ಳು ಸುಳ್ಳು ಹೇಳುತ್ತಿದೆ, ಅಷ್ಟೆ. ಆ ಸುಳ್ಳನ್ನು ಅದಕ್ಕೆ ಹೇಳಿಕೊಟ್ಟವರು ಯಾರು ಅನ್ನುವುದು ಪತ್ತೇದಾರಿ ಕೆಲಸ. ಬನ್ನಿ, ಹುಡುಕೋಣ.

ನಾನು ಹೇಳುತ್ತಿರುವುದು ಅಮೆರಿಕದ ಸಿಜೆ-7 ಎಂಬ ಜೀಪಿನ ಕಥೆ. 1976ರಿಂದ 1986ರವರೆಗೆ ತಯಾರಾದ ಗಾಡಿ ಅದು. ಕಲ್ಲು, ಕೆಸರು, ಮರಳು, ಹಳ್ಳ ಯಾವುದಕ್ಕೂ ಹೆದರದ ಜಾತಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಹೊತ್ತು ಓಡಾಡಿದ ವಿಲ್ಲೀಸ್ ಜೀಪೇ ಇದರ ಮೂಲಪುರುಷ. ಅದೇ ವಂಶದ ಇನ್ನೊಂದು ಕವಲು 1947ರಲ್ಲಿ ಮುಂಬೈಗೆ ಬಂತು. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ, ಕೊಡಚಾದ್ರಿಯ ಕಲ್ಲುಹಾದಿಯಲ್ಲಿ ಏದುಸಿರು ಬಿಡುತ್ತ ಹತ್ತುವ ಹಳೇ ಜೀಪುಗಳೆಲ್ಲ ಆ ಕವಲಿನವು. ಹಾಗಾಗಿ ಸಿಜೆ-7 ನಮಗೆ ಅಪರಿಚಿತ ಏನಲ್ಲ, ದೂರದ ನೆಂಟ.

ಮುಳ್ಳಿಗಿಂತ ಮೊದಲು ಜನ ಏನು ಮಾಡುತ್ತಿದ್ದರು? ಕಡ್ಡಿ ಅದ್ದಿ ನೋಡುತ್ತಿದ್ದರು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿಗೆ ಪೆಟ್ರೋಲ್ ಮುಳ್ಳೇ ಇರಲಿಲ್ಲ. ಮುಂದಿನ ಸೀಟಿನ ಮೆತ್ತೆ ಎತ್ತಬೇಕು, ಕೆಳಗಿರುವ ಟ್ಯಾಂಕಿನ ಮುಚ್ಚಳ ತೆಗೆಯಬೇಕು, ಗುರುತು ಹಾಕಿದ ಮರದ ಪಟ್ಟಿ ಇಳಿಸಿ ಎಲ್ಲಿಯವರೆಗೆ ಒದ್ದೆಯಾಯಿತು ಅಂತ ನೋಡಬೇಕು. ಆ ಕಾರಿಗೆ ಪೆಟ್ರೋಲ್ ಪಂಪೂ ಇರಲಿಲ್ಲ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಇಂಜಿನ್ನಿಗೆ ಹೋಗಬೇಕು. ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದಿದ್ದಾಗ ಕಡಿದಾದ ಏರು ಬಂದರೆ ಗತಿಯೇನು? ಮೂತಿ ಮೇಲೆದ್ದಾಗ ಇಂಜಿನ್ ಮೇಲಾಯಿತು, ಟ್ಯಾಂಕ್ ಕೆಳಗಾಯಿತು, ಪೆಟ್ರೋಲ್ ಹತ್ತುವುದಿಲ್ಲ. ಜನ ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ, ಬೆನ್ನು ಮುಂದು ಮಾಡಿ ಗುಡ್ಡ ಹತ್ತಿಸುತ್ತಿದ್ದರು! ನಗಬೇಡಿ, ಭೌತವಿಜ್ಞಾನದ ಪ್ರಕಾರ ಅದು ಬಹಳ ಸರಿಯಾದ ಉಪಾಯ.

ನಿಮ್ಮ ಅಜ್ಜನ ಕಾಲದ ಬೈಕುಗಳಲ್ಲೂ ಬಹಳಷ್ಟಕ್ಕೆ ಮುಳ್ಳಿರಲಿಲ್ಲ. ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ, ಟ್ಯಾಂಕಿಗೆ ಕಿವಿಗೊಟ್ಟು, ಒಳಗಿನ ಗುಳುಗುಳು ಸದ್ದು ಕೇಳಿ “ಊರಿಗೆ ಹೋಗಿ ಬರೋವಷ್ಟಿದೆ ಬಿಡು” ಅನ್ನುವವರಿದ್ದರು. ತಪ್ಪಿದರೆ ರಿಸರ್ವ್ ಪೆಟ್ರೋಲಿನ ನಲ್ಲಿ ಇದ್ದೇ ಇತ್ತು.

ಈಗ ನಮ್ಮ ಜೀಪಿಗೆ ಬರೋಣ. ಟ್ಯಾಂಕ್ ಇರುವುದು ಜೀಪಿನ ಹಿಂಭಾಗದಲ್ಲಿ, ಮುಳ್ಳು ಇರುವುದು ಮುಂದೆ ಸ್ಟೇರಿಂಗ್ ಹತ್ತಿರ. ನಡುವೆ ಒಂದು ತಂತಿ. ಇಷ್ಟು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ಮುಳ್ಳು ಯಾವತ್ತೂ ಪೆಟ್ರೋಲನ್ನು ಕಂಡದ್ದಿಲ್ಲ. ತಂತಿಯಲ್ಲಿ ಎಷ್ಟು ಕರೆಂಟ್ ಹರಿಯಿತು ಅನ್ನುವುದೊಂದೇ ಅದಕ್ಕೆ ಗೊತ್ತು. ಅದನ್ನೇ ಪೆಟ್ರೋಲ್ ಅಂತ ನಂಬಿಕೊಂಡು ನಮಗೆ ತೋರಿಸುತ್ತದೆ.

ಹಾಗಾದರೆ ಪೆಟ್ರೋಲಿನ ಎತ್ತರ ಕರೆಂಟಿನ ಲೆಕ್ಕಕ್ಕೆ ಬದಲಾಗುವುದು ಎಲ್ಲಿ? ಟ್ಯಾಂಕಿನ ಒಳಗೆ. ನಿಮ್ಮ ಮನೆಯ ತಾರಸಿ ಮೇಲಿನ ನೀರಿನ ಟ್ಯಾಂಕಿನ ಮುಚ್ಚಳ ತೆಗೆದಾಗ ಇಣುಕಿದ್ದೀರಾ? ಉದ್ದನೆಯ ಸರಳಿನ ತುದಿಯಲ್ಲಿ ಒಂದು ಚೆಂಡು ತೇಲುತ್ತಿರುತ್ತದೆ. ನೀರು ಏರಿದ ಹಾಗೆ ಚೆಂಡು ಏರುತ್ತದೆ, ಸರಳು ತಿರುಗುತ್ತದೆ. ಜೀಪಿನ ಟ್ಯಾಂಕಿನಲ್ಲೂ ಇಂಥದ್ದೇ ಏರ್ಪಾಡು, ಗಾತ್ರ ಚಿಕ್ಕದು. ಮೆಕ್ಯಾನಿಕ್ಕುಗಳು ಇದನ್ನು ಟ್ಯಾಂಕ್ ಯೂನಿಟ್ ಅನ್ನುತ್ತಾರೆ. ತೇಲುವ ಭಾಗ ಫ್ಲೋಟ್. ಮನೆಯ ಟ್ಯಾಂಕಿನ ಸರಳು ನೀರು ಬರುವ ಬಾಯಿ ಮುಚ್ಚುತ್ತದೆ. ಜೀಪಿನದು ಯಾವುದನ್ನೂ ಮುಚ್ಚುವುದಿಲ್ಲ. ಅದರ ಇನ್ನೊಂದು ತುದಿಯಲ್ಲಿ ಪುಟ್ಟದೊಂದು ಲೋಹದ ಬೆರಳಿದೆ. ಸರಳು ತಿರುಗಿದಾಗ ಆ ಬೆರಳು, ಒತ್ತೊತ್ತಾಗಿ ಸುತ್ತಿದ ತೆಳು ತಂತಿಯೊಂದರ ಮೇಲೆ ಉಜ್ಜಿಕೊಂಡು ಸರಿಯುತ್ತದೆ.

ಆ ತೆಳು ತಂತಿ ಕರೆಂಟನ್ನು ಸಲೀಸಾಗಿ ಹರಿಯಲು ಬಿಡುವುದಿಲ್ಲ, ತಡೆಯುತ್ತದೆ. ಈ ತಡೆಗೆ ಪಾಠಪುಸ್ತಕದಲ್ಲಿ ರೋಧ ಅನ್ನುತ್ತಾರೆ. ಅಳೆಯುವ ಮಾನ ಓಮ್. ಜರ್ಮನಿಯ ಕಲೋನ್ ನಗರದಲ್ಲಿ ಮೇಷ್ಟ್ರಾಗಿದ್ದ ಗೇಯಾರ್ಗ್ ಸೈಮನ್ ಓಮ್ ಎಂಬಾತ 1827ರಲ್ಲಿ ಪ್ರಕಟಿಸಿದ ನಿಯಮ ಇವತ್ತಿಗೂ ನಿಮ್ಮ ಪರೀಕ್ಷೆಯಲ್ಲಿ ಬರುತ್ತದಲ್ಲ, ಅದೇ ಓಮ್. ವೋಲ್ಟೇಜ್ ಅಷ್ಟೇ ಇದ್ದು ರೋಧ ಹೆಚ್ಚಾದರೆ ಕರೆಂಟ್ ಕಡಿಮೆ, ರೋಧ ಕಡಿಮೆಯಾದರೆ ಕರೆಂಟ್ ಹೆಚ್ಚು.

ಇದನ್ನು ನೀವೇ ನೋಡಬಹುದು. ಒಂದು ಮೆತ್ತನೆಯ ಡ್ರಾಯಿಂಗ್ ಪೆನ್ಸಿಲ್ ತಂದು, ದೊಡ್ಡವರ ಕೈಲಿ ಅದನ್ನು ಉದ್ದಕ್ಕೆ ಸೀಳಿಸಿ. ಒಳಗಿನ ಕಪ್ಪು ಸೀಸ ಉದ್ದಕ್ಕೂ ಕಾಣಬೇಕು. ಎರಡು ಟಾರ್ಚ್ ಸೆಲ್, ಒಂದು ಪುಟ್ಟ ಟಾರ್ಚ್ ಬಲ್ಬು, ಮೂರು ತುಂಡು ವೈರು ಇದ್ದರೆ ಸಾಕು. ಸೆಲ್ಲಿನಿಂದ ಬಲ್ಬಿಗೆ, ಬಲ್ಬಿನಿಂದ ಸೀಸದ ಒಂದು ತುದಿಗೆ ವೈರು ಕಟ್ಟಿ. ಸೆಲ್ಲಿನ ಇನ್ನೊಂದು ತುದಿಯಿಂದ ಬಂದ ವೈರನ್ನು ಸೀಸದ ಮೇಲೆ ಮುಟ್ಟಿಸಿ, ಹಾಗೇ ಸರಿಸುತ್ತ ಹೋಗಿ. ಮೊದಲು ಕಟ್ಟಿದ ತುದಿಯ ಹತ್ತಿರ ಬಂದಾಗ ಬಲ್ಬು ಪ್ರಕಾಶಮಾನ, ದೂರ ಸರಿದಾಗ ಮಂಕು. ನಿಮ್ಮ ಕೈಯ ಜಾಗದಲ್ಲಿ ಫ್ಲೋಟ್, ಬಲ್ಬಿನ ಜಾಗದಲ್ಲಿ ಮುಳ್ಳು ಇಟ್ಟರೆ ಜೀಪಿನ ಪೆಟ್ರೋಲ್ ಮೀಟರ್ ಸಿದ್ಧ. (ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಈ ಆಟ ಖಂಡಿತ ಬೇಡ. ಸೆಲ್ಲು ಸಾಕು.)

ಸಿಜೆ-7ರಲ್ಲಿ ಈ ರೋಧದ ಲೆಕ್ಕ ಹೀಗಿದೆ. ಟ್ಯಾಂಕ್ ಖಾಲಿ ಇದ್ದರೆ 73 ಓಮ್. ಅರ್ಧ ಇದ್ದರೆ 23 ಓಮ್. ತುಂಬಿದ್ದರೆ 10 ಓಮ್. ಪೆಟ್ರೋಲ್ ಹೆಚ್ಚಿದಷ್ಟೂ ತಡೆ ಕಡಿಮೆ, ಕರೆಂಟ್ ಹೆಚ್ಚು, ಮುಳ್ಳು ಮೇಲೆ. ಬೇರೆ ಕಂಪನಿಯ ಗಾಡಿಗಳಲ್ಲಿ ಅಂಕಿಗಳು ಬೇರೆ ಇರುತ್ತವೆ. ಒಂದರ ಟ್ಯಾಂಕ್ ಯೂನಿಟ್ಟಿಗೆ ಇನ್ನೊಂದರ ಮೀಟರ್ ಹೊಂದುವುದಿಲ್ಲ. ಗುಜರಿ ಅಂಗಡಿಯಿಂದ ತಂದ ಮೀಟರ್ ಹಾಕಿದ ಮೇಲೆ ಮುಳ್ಳು ತಲೆಕೆಟ್ಟ ಹಾಗೆ ಆಡಿದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಒಂದು ವಿಚಿತ್ರ ಗಮನಿಸಿದಿರಾ? ಖಾಲಿಯಿಂದ ಅರ್ಧಕ್ಕೆ ಬರುವಾಗ 50 ಓಮ್ ಇಳಿಯಿತು. ಅರ್ಧದಿಂದ ಪೂರ್ತಿಗೆ ಬರುವಾಗ ಇಳಿದದ್ದು ಬರೀ 13 ಓಮ್. ಈ 13ನ್ನು ಜೇಬಿನಲ್ಲಿಟ್ಟುಕೊಳ್ಳಿ, ಆಮೇಲೆ ಬೇಕು.

ಇನ್ನು ಮುಂದಿನ ಕಡೆ ನೋಡೋಣ. ಕೀಲಿ ತಿರುಗಿಸಿದ ಕೂಡಲೇ ಮುಳ್ಳು ಚಕ್ಕನೆ ಏಳುವುದಿಲ್ಲ, ಮೆಲ್ಲಗೆ ಏಳುತ್ತದೆ ಅಂತ ಆಗಲೇ ಹೇಳಿದೆ. ಯಾಕೆ ಆ ಸೋಮಾರಿತನ? ಆ ಮುಳ್ಳು ನಡೆಯುವುದು ಶಾಖದಿಂದ! ಒಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಪಟ್ಟಿ ಇದೆ. ಬಿಸಿಯಾದರೆ ಎಲ್ಲ ಲೋಹಗಳೂ ಹಿಗ್ಗುತ್ತವೆ, ಆದರೆ ಒಂದೇ ಸಮ ಹಿಗ್ಗುವುದಿಲ್ಲ. ಹಿತ್ತಾಳೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಎರಡನ್ನೂ ಅಂಟಿಸಿಬಿಟ್ಟರೆ ಒಂದು ಉದ್ದವಾಗಲು ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ. ಪಟ್ಟಿ ಬಾಗದೆ ಬೇರೆ ದಾರಿಯಿಲ್ಲ. ಈ ಪಟ್ಟಿಯ ಮೇಲೆ ತೆಳು ತಂತಿ ಸುತ್ತಿದ್ದಾರೆ. ಟ್ಯಾಂಕಿನಿಂದ ಬರುವ ದಾರಿಯಲ್ಲಿ ಹರಿಯುವ ಕರೆಂಟೇ ಈ ತಂತಿಯಲ್ಲೂ ಹರಿದು ಅದನ್ನು ಬಿಸಿ ಮಾಡುತ್ತದೆ. ಪಟ್ಟಿ ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ.

ಪಟ್ಟಿ ಬಾಗುವುದನ್ನು ನೋಡಬೇಕೆ? ಚಾಕಲೇಟ್ ಅಥವಾ ಚೂಯಿಂಗ್ ಗಮ್ಮಿನ ಹೊದಿಕೆಗಳಲ್ಲಿ ಒಂದು ಕಡೆ ಕಾಗದ, ಇನ್ನೊಂದು ಕಡೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದು ಸಿಗುತ್ತದೆ. ಅದರಿಂದ ಸಣ್ಣ ಪಟ್ಟಿ ಕತ್ತರಿಸಿ, ಅಮ್ಮನನ್ನು ಪಕ್ಕದಲ್ಲಿಟ್ಟುಕೊಂಡು ಬಿಸಿ ಕಾವಲಿಯ ಮೇಲೆ ಗಾಳಿಯಲ್ಲಿ ಹಿಡಿಯಿರಿ. ಇಕ್ಕಳದಲ್ಲಿ ಹಿಡಿಯಿರಿ, ಕೈಯಲ್ಲಲ್ಲ. ಪಟ್ಟಿ ಕಾಗದದ ಕಡೆಗೆ ಬಾಗುತ್ತದೆ, ಅಲ್ಯೂಮಿನಿಯಂ ಹೊರಮೈಗೆ ಬರುತ್ತದೆ. ಇಂಥ ಜೋಡಿಲೋಹದ ಪಟ್ಟಿಯನ್ನು ಮೊದಲು ಮಾಡಿದ್ದು ಇಂಗ್ಲೆಂಡಿನ ಜಾನ್ ಹ್ಯಾರಿಸನ್, 18ನೇ ಶತಮಾನದಲ್ಲಿ. ಮೂಲದಲ್ಲಿ ಬಡಗಿ. ಹಡಗಿನ ಮೇಲೆ ಚಳಿಗೂ ಸೆಕೆಗೂ ಹೆಚ್ಚುಕಡಿಮೆ ಆಗದೆ ಸರಿಯಾದ ಹೊತ್ತು ತೋರಿಸುವ ಗಡಿಯಾರಕ್ಕಾಗಿ ಆತ ಪಟ್ಟ ಪಾಡೇ ಒಂದು ಪುಸ್ತಕವಾಗುವಷ್ಟಿದೆ. ಆತನ ಪಟ್ಟಿ ಇಸ್ತ್ರಿ ಪೆಟ್ಟಿಗೆಯೊಳಗೂ ಬಂದು ಕೂತಿದೆ, ಜೀಪಿನೊಳಗೂ ಬಂದು ಕೂತಿದೆ.

ಮುಳ್ಳಿನ ಸೋಮಾರಿತನದಿಂದ ಲಾಭವೂ ಇದೆ. ಜೀಪು ಕಲ್ಲುಗುಂಡಿಗಳಲ್ಲಿ ಕುಣಿಯುವಾಗ ಟ್ಯಾಂಕಿನೊಳಗೆ ಪೆಟ್ರೋಲ್ ಅಲೆ ಎದ್ದು ಫ್ಲೋಟ್ ಮೇಲೆ ಕೆಳಗೆ ಹಾರುತ್ತಿರುತ್ತದೆ. ಪಟ್ಟಿ ಬಿಸಿಯಾಗಲು, ತಣಿಯಲು ಒಂದಿಷ್ಟು ಸೆಕೆಂಡು ಬೇಕಾದ್ದರಿಂದ ಮುಳ್ಳು ಈ ಕುಣಿತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಜೀಪಿನ ಬ್ಯಾಟರಿ 12 ವೋಲ್ಟಿನದು. ಇಂಜಿನ್ ಓಡುವಾಗ ಅದು 14ರ ಹತ್ತಿರ ಹೋಗುತ್ತದೆ, ಹೆಡ್‌ಲೈಟ್ ಹಾಕಿ ಸುಮ್ಮನೆ ನಿಂತರೆ 12ಕ್ಕಿಂತ ಕೆಳಗೂ ಇಳಿಯಬಹುದು. ವೋಲ್ಟೇಜ್ ಏರಿದರೆ ಕರೆಂಟ್ ಏರುತ್ತದೆ, ಮುಳ್ಳೂ ಏರುತ್ತದೆ. ಅಂದರೆ ಇಂಜಿನ್ ಜೋರು ಮಾಡಿದರೆ ಪೆಟ್ರೋಲ್ ಹೆಚ್ಚಾದಂತೆ ಕಾಣಬೇಕು! ಇದನ್ನು ತಪ್ಪಿಸಲು ಇನ್ನೊಂದು ಪುಟ್ಟ ಸಾಧನ ಇಟ್ಟಿದ್ದಾರೆ: ವೋಲ್ಟೇಜ್ ರೆಗ್ಯುಲೇಟರ್. ಅದರೊಳಗೂ ಅದೇ ಜೋಡಿಲೋಹದ ಪಟ್ಟಿ. ಬಿಸಿಯಾದಾಗ ಬಾಗಿ ಕರೆಂಟನ್ನು ಕತ್ತರಿಸುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಹೀಗೆ ಆನ್, ಆಫ್, ಆನ್, ಆಫ್ ಮಾಡುತ್ತ ಸರಾಸರಿ ಸುಮಾರು 5 ವೋಲ್ಟ್ ಮಾತ್ರ ಮುಂದೆ ಬಿಡುತ್ತದೆ. ಕರೆಂಟ್ ಹೀಗೆ ಮಿಣುಕುತ್ತಿದ್ದರೂ ಮುಳ್ಳು ಅಲ್ಲಾಡುವುದಿಲ್ಲ. ಸೋಮಾರಿ ಅಲ್ಲವೇ, ಗೊತ್ತೇ ಆಗುವುದಿಲ್ಲ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಜಾಣತನ ತುಂಬಿದ ಏರ್ಪಾಡು ಇಡೀ ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಸಿಜೆ-7ರಲ್ಲಿ ಈ ರೆಗ್ಯುಲೇಟರ್ ಪೆಟ್ರೋಲ್ ಮೀಟರಿನ ಹೊಟ್ಟೆಯೊಳಗೇ ಇದೆ. ಪಕ್ಕದಲ್ಲಿರುವ, ಇಂಜಿನ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವ ಟೆಂಪರೇಚರ್ ಮೀಟರಿಗೂ ಇಲ್ಲಿಂದಲೇ ಕರೆಂಟ್ ಹೋಗುತ್ತದೆ. ಪತ್ತೇದಾರಿಗೆ ಇದು ಮೊದಲ ಸುಳಿವು.

ಈಗ ಜೀಪಿನ ಮುಂದೆ ಕೂತುಕೊಳ್ಳೋಣ. ಟ್ಯಾಂಕ್ ತುಂಬಿದೆ, ಮುಳ್ಳು ಅರ್ಧದಲ್ಲಿದೆ. ಪಾನಾ, ಸ್ಕ್ರೂ ಡ್ರೈವರ್ ಇನ್ನೂ ಮುಟ್ಟಬೇಡಿ. ಮೊದಲು ಕಣ್ಣು. ಟೆಂಪರೇಚರ್ ಮುಳ್ಳು ಏನು ಹೇಳುತ್ತಿದೆ? ಅದೂ ತಪ್ಪು ತೋರಿಸುತ್ತಿದ್ದರೆ, ಎರಡೂ ಒಟ್ಟಿಗೆ ಮೇಲಕ್ಕೆ ಹಾರಿದ್ದರೆ ಅಥವಾ ಎರಡೂ ಒಟ್ಟಿಗೆ ಸತ್ತುಬಿದ್ದಿದ್ದರೆ, ಇಬ್ಬರಿಗೂ ಅನ್ನ ಹಾಕುವ ರೆಗ್ಯುಲೇಟರ್ ಮೇಲೆ ಅನುಮಾನ. ಅದರ ಸಂಪರ್ಕ ಅಂಟಿಕೊಂಡುಬಿಟ್ಟರೆ 5ರ ಜಾಗದಲ್ಲಿ ಪೂರಾ 12 ವೋಲ್ಟ್ ನುಗ್ಗಿ ಎರಡು ಮುಳ್ಳುಗಳೂ ಮೇಲಿನ ಗೋಡೆಗೆ ಒರಗಿ ನಿಲ್ಲುತ್ತವೆ. ಹಾಗೇ ಬಿಟ್ಟರೆ ಮೀಟರಿನ ತಂತಿ ಸುಟ್ಟೂ ಹೋದೀತು. ನಮ್ಮ ಜೀಪಿನಲ್ಲಿ ಟೆಂಪರೇಚರ್ ಮುಳ್ಳು ಸರಿಯಾಗಿದೆ. ಹಾಗಾದರೆ ರೆಗ್ಯುಲೇಟರ್ ನಿರಪರಾಧಿ.

ಮುಂದಿನದು ಹಿಂದುಗಡೆಯ ಕೆಲಸ. ಇಲ್ಲಿಂದ ಮುಂದೆ ದೊಡ್ಡವರು ಮಾಡಲಿ, ನೀವು ದೂರದಿಂದ ನೋಡಿ. ಪೆಟ್ರೋಲ್ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡಿಕೊಳ್ಳುವ ಖದೀಮ.

ಮೆಕ್ಯಾನಿಕ್ ಜೀಪಿನ ಕೆಳಗೆ ನುಸುಳಿ ಟ್ಯಾಂಕ್ ಯೂನಿಟ್ಟಿನಿಂದ ತಂತಿ ಬಿಡಿಸುತ್ತಾನೆ. ಕರೆಂಟಿನ ದಾರಿ ಕಡಿದುಹೋಯಿತು, ಪಟ್ಟಿ ತಣಿಯುತ್ತದೆ, ಮುಳ್ಳು ನಿಧಾನವಾಗಿ ಇ ಅಕ್ಷರಕ್ಕೆ, ಅಂದರೆ ಖಾಲಿಗೆ, ಬಂದು ಬೀಳುತ್ತದೆ. ಸರಿ. ಈಗ ಆ ತಂತಿಯ ತುದಿಯನ್ನು 10 ಓಮಿನ ಒಂದು ರೆಸಿಸ್ಟರ್ ಮೂಲಕ ಜೀಪಿನ ಚಾಸಿಗೆ, ಅಂದರೆ ಕಬ್ಬಿಣದ ಚೌಕಟ್ಟಿಗೆ, ಮುಟ್ಟಿಸುತ್ತಾನೆ. 10 ಓಮ್ ಅಂದರೆ ತುಂಬಿದ ಟ್ಯಾಂಕ್. ಮುಳ್ಳು ಎದ್ದು ಎಫ್ ಮೇಲೆ ಕೂತಿತು! ಹಾಗಾದರೆ ಮುಳ್ಳೂ ಸರಿ, ತಂತಿಯೂ ಸರಿ. ಅವುಗಳಿಗೆ ಹೇಳಿದ್ದನ್ನು ಅವು ನಿಯತ್ತಾಗಿ ಹೇಳುತ್ತಿವೆ. (ರೆಸಿಸ್ಟರ್ ಇಲ್ಲದೆ ತಂತಿಯನ್ನು ನೇರ ಚಾಸಿಗೆ ಮುಟ್ಟಿಸಿಟ್ಟು ಟೀ ಕುಡಿಯಲು ಹೋಗುವವರಿದ್ದಾರೆ. ರೋಧ ಸೊನ್ನೆಯಾದರೆ ಮಿತಿಮೀರಿ ಕರೆಂಟ್ ಹರಿದು ಮೀಟರ್ ಬೇಯುತ್ತದೆ.)

ಉಳಿದದ್ದು ಟ್ಯಾಂಕ್ ಯೂನಿಟ್. ರೋಧ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಯೂನಿಟ್ಟಿನ ತುದಿಗೆ, ಇನ್ನೊಂದನ್ನು ಚಾಸಿಗೆ ಹಿಡಿದರೆ ಎಷ್ಟು ಬರಬೇಕು? ಟ್ಯಾಂಕ್ ತುಂಬಿದೆ, 10 ಬರಬೇಕು. ಬಂದದ್ದು 23. ಅರ್ಧ ಟ್ಯಾಂಕಿನ ಅಂಕಿ! ಸುಳ್ಳು ಇಲ್ಲೆಲ್ಲೋ ಹುಟ್ಟಿದೆ. ಈಗ ಎರಡನೇ ಕಡ್ಡಿಯನ್ನು ಚಾಸಿಯಿಂದ ತೆಗೆದು ಟ್ಯಾಂಕ್ ಯೂನಿಟ್ಟಿನದೇ ಲೋಹದ ಮೈಗೆ ಮುಟ್ಟಿಸೋಣ. ಬಂತು 10. ಯೂನಿಟ್ಟೂ ನಿರಪರಾಧಿ! ಹಾಗಾದರೆ ಮಿಕ್ಕ 13 ಓಮ್ ಎಲ್ಲಿದೆ? ಯೂನಿಟ್ಟಿನ ಮೈಗೂ ಜೀಪಿನ ಚಾಸಿಗೂ ನಡುವೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಕರೆಂಟ್ ಅಂದರೆ ಹೋಗಿ ಬರುವ ಸವಾರಿ. ಬ್ಯಾಟರಿಯಿಂದ ಹೊರಟದ್ದು ಬ್ಯಾಟರಿಗೆ ವಾಪಸ್ ಬರಲೇಬೇಕು. ನಿಮ್ಮ ಪೆನ್ಸಿಲ್ ಆಟದಲ್ಲಿ ಹೋಗುವುದಕ್ಕೊಂದು ವೈರು, ಬರುವುದಕ್ಕೊಂದು ವೈರು ಇತ್ತು. ಗಾಡಿಗಳಲ್ಲಿ ಬರುವ ವೈರು ಇರುವುದಿಲ್ಲ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಚಾಸಿಗೆ ಕಟ್ಟಿಬಿಟ್ಟಿರುತ್ತಾರೆ. ಇಡೀ ಗಾಡಿಯ ಕಬ್ಬಿಣದ ಮೈಯೇ ಹಿಂದಿರುಗುವ ದಾರಿ. ಮೆಕ್ಯಾನಿಕ್ಕುಗಳ ಬಾಯಲ್ಲಿ ಇದು ಅರ್ಥ್. ತಂತಿ ಉಳಿತಾಯವಾಯಿತು, ಸರಿ. ಆದರೆ ಪೆಟ್ರೋಲ್ ಟ್ಯಾಂಕನ್ನು ಚಾಸಿಗೆ ನೇರ ಬೆಸೆದಿರುವುದಿಲ್ಲ. ಪಟ್ಟಿಗಳಲ್ಲಿ ಬಿಗಿದು, ಗಡಗಡ ಸದ್ದು ಬರದಿರಲಿ ಅಂತ ನಡುವೆ ರಬ್ಬರೋ ಇನ್ನೇನೋ ಇಟ್ಟಿರುತ್ತಾರೆ. ರಬ್ಬರ್ ಕರೆಂಟ್ ಬಿಡುವುದಿಲ್ಲ. ಅದಕ್ಕೇ ಟ್ಯಾಂಕ್ ಯೂನಿಟ್ಟಿನಿಂದ ಚಾಸಿಗೆ ಒಂದು ಗೇಣುದ್ದದ ಪ್ರತ್ಯೇಕ ಅರ್ಥ್ ವೈರು ಇರಬೇಕು. ಅದರ ತುದಿಯನ್ನು ಒಂದೇ ಒಂದು ಸ್ಕ್ರೂ ಹಿಡಿದಿರುತ್ತದೆ.

ಆ ಸ್ಕ್ರೂ ಇರುವ ಜಾಗ ನೋಡಿ. ಹಿಂದಿನ ಚಕ್ರದ ಹತ್ತಿರ, ಹೊಟ್ಟೆಯ ಕೆಳಗೆ. ಹಳ್ಳ ದಾಟಿದಾಗಲೆಲ್ಲ ನೀರು, ಏರು ಹತ್ತಿದಾಗಲೆಲ್ಲ ಕೆಸರು. ವಾಷರಿನ ಕೆಳಗೆ ತೇವ ನಿಂತು ಕಬ್ಬಿಣ ಆಮ್ಲಜನಕದೊಡನೆ ಕೂಡಿ ತುಕ್ಕು ಹಿಡಿಯುತ್ತದೆ. ಕಬ್ಬಿಣ ಒಳ್ಳೆಯ ವಾಹಕ, ತುಕ್ಕು ಬಹಳ ಕೆಟ್ಟ ವಾಹಕ. ಸ್ಕ್ರೂ ಬಿಚ್ಚಿದರೆ ಕೆಂಪು ಪುಡಿ ಉದುರುತ್ತದೆ. ಒಂದು ಚಿಟಿಕೆಯೂ ಇಲ್ಲ. ಅಷ್ಟಕ್ಕೇ 13 ಓಮ್! ನಿಮ್ಮ ಜೇಬಿನಲ್ಲಿರುವ 13 ಹೊರಗೆ ತೆಗೆಯಿರಿ. ತುಂಬಿದ ಟ್ಯಾಂಕಿನ 10ಕ್ಕೆ 13 ಸೇರಿಸಿ. 23. ಅರ್ಧ.

ರಿಪೇರಿಗೆ ಬೇಕಾದದ್ದು ಅಂಗೈಯಗಲ ಉಜ್ಜುಕಾಗದ. ತುಕ್ಕು ಹೋಗಿ ಲೋಹ ಫಳಫಳ ಅನ್ನುವವರೆಗೆ ಉಜ್ಜಿ, ವೈರಿನ ತುದಿಯನ್ನೂ ಉಜ್ಜಿ, ಸ್ಕ್ರೂ ಬಿಗಿದು, ನೀರು ತಾಗದಂತೆ ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಮುಗಿಯಿತು. ಎಷ್ಟೋ ಜನ ಇದನ್ನು ನೋಡದೆ ಹೊಸ ಟ್ಯಾಂಕ್ ಯೂನಿಟ್, ಹೊಸ ಮೀಟರ್ ಎರಡನ್ನೂ ಕೊಂಡು ಹಾಕಿ, ಮುಳ್ಳು ಮತ್ತೆ ಅರ್ಧದಲ್ಲೇ ನಿಂತಾಗ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ.

ಅಂದಹಾಗೆ ತುಕ್ಕಿನ ಈ ಸುಳ್ಳಿಗೆ ಒಂದು ಗುರುತು ಇದೆ. ಟ್ಯಾಂಕ್ ತುಂಬಿದ್ದಾಗ ಸುಳ್ಳು ದೊಡ್ಡದು, ಖಾಲಿಯಾಗುತ್ತ ಬಂದ ಹಾಗೆ ಚಿಕ್ಕದು. 10ರ ಪಕ್ಕದಲ್ಲಿ 13 ದೊಡ್ಡ ಸಂಖ್ಯೆ, 73ರ ಪಕ್ಕದಲ್ಲಿ 13 ಏನು ಮಹಾ? ಆದ್ದರಿಂದ “ತುಂಬಿದಾಗ ಮಾತ್ರ ತಪ್ಪು, ತಳದಲ್ಲಿ ಸರಿ” ಅಂತ ಯಾರಾದರೂ ಹೇಳಿದರೆ, ಜೀಪು ನೋಡುವುದಕ್ಕೂ ಮೊದಲೇ “ಅರ್ಥ್ ನೋಡಿದ್ರಾ?” ಅಂತ ನೀವು ಕೇಳಬಹುದು.

ಎಲ್ಲ ಜೀಪಿನ ರೋಗವೂ ಇದೇ ಅಲ್ಲ. ಟ್ಯಾಂಕ್ ಎಷ್ಟು ತುಂಬಿಸಿದರೂ ಮುಳ್ಳು ಖಾಲಿಯಲ್ಲೇ ಇದ್ದು, ಉಳಿದದ್ದೆಲ್ಲ ಸರಿಯಿದ್ದರೆ ಫ್ಲೋಟ್ ಮುಳುಗಿರಬಹುದು. ಹಳೇ ಫ್ಲೋಟುಗಳು ಹಿತ್ತಾಳೆಯವು. ಹಿತ್ತಾಳೆ ಪೆಟ್ರೋಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಭಾರ, ಆದರೂ ತೇಲುತ್ತದೆ, ಯಾಕೆಂದರೆ ಒಳಗೆ ಪೊಳ್ಳು. ತಾನು ಪಕ್ಕಕ್ಕೆ ಸರಿಸಿದ ಪೆಟ್ರೋಲಿನ ತೂಕಕ್ಕಿಂತ ಅದರ ತೂಕ ಕಡಿಮೆ. ಆರ್ಕಿಮಿಡೀಸನ ಮಾಮೂಲಿ ಲೆಕ್ಕ. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಪೆಟ್ರೋಲ್ ಒಳಗೆ ನುಗ್ಗಿ ಲೆಕ್ಕ ತಲೆಕೆಳಗಾಗುತ್ತದೆ. ಫ್ಲೋಟ್ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗುಳುಗುಳು. ಇನ್ನು ಕೆಲವು ಜೀಪುಗಳಲ್ಲಿ ಮುಳ್ಳು ಒಂದು ನಿರ್ದಿಷ್ಟ ಮಟ್ಟಕ್ಕೆ ಬಂದಾಗ ದೊಪ್ಪನೆ ಬಿದ್ದು, ಆ ಮಟ್ಟ ದಾಟಿದ ಮೇಲೆ ಮತ್ತೆ ಏಳುತ್ತದೆ. ವರ್ಷಗಟ್ಟಲೆ ಲೋಹದ ಬೆರಳು ಉಜ್ಜಿ ಉಜ್ಜಿ ಅಲ್ಲಿ ತೆಳು ತಂತಿ ಸವೆದುಹೋಗಿದೆ ಅಂತ ಅರ್ಥ.

ಯಾವ ರೋಗವೂ ಇಲ್ಲದ ಮೀಟರ್ ಕೂಡ ಗುಡ್ಡದಲ್ಲಿ ಸುಳ್ಳಾಡುತ್ತದೆ. ಅರ್ಧ ನೀರು ತುಂಬಿದ ಬಾಟಲಿಯನ್ನು ಅಡ್ಡ ಮಲಗಿಸಿ, ಒಂದು ಬದಿಗೆ ಓರೆ ಮಾಡಿ. ನೀರಿನ ಮೇಲ್ಮೈ ಮಟ್ಟಸವಾಗೇ ಇರುತ್ತದೆ, ಆದರೆ ಬಾಟಲಿಯ ಒಂದು ತುದಿಯಲ್ಲಿ ಆಳ ಹೆಚ್ಚಿ ಇನ್ನೊಂದು ತುದಿಯಲ್ಲಿ ತಳವೇ ಕಾಣುತ್ತದೆ. ಫ್ಲೋಟ್ ಇರುವುದು ಟ್ಯಾಂಕಿನ ಒಂದೇ ಜಾಗದಲ್ಲಿ. ಅಲ್ಲಿನ ಎತ್ತರವೇ ಅದಕ್ಕೆ ಇಡೀ ಲೋಕ. ಹಾಗಾಗಿ ಜೀಪಿನ ಪೆಟ್ರೋಲ್ ನೋಡುವುದಿದ್ದರೆ ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ನೋಡಿ.

ಇಷ್ಟು ಹೊತ್ತಿಗೆ ನಿಮ್ಮಲ್ಲಿ ಒಬ್ಬರಿಗಾದರೂ ಅನುಮಾನ ಬಂದಿರಬೇಕು: ಪೆಟ್ರೋಲ್ ಟ್ಯಾಂಕಿನೊಳಗೆ ಕರೆಂಟ್ ಬಿಟ್ಟರೆ ಬೆಂಕಿ ಹತ್ತುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಮೊದಲನೆಯದಾಗಿ, ಹರಿಯುವ ಕರೆಂಟ್ ಬಹಳ ಕಡಿಮೆ. ಎರಡನೆಯದು ಇನ್ನೂ ಸ್ವಾರಸ್ಯದ್ದು. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದರೆ ಮಾತ್ರ ಬೆಂಕಿ ಹತ್ತುತ್ತದೆ. ಮುಚ್ಚಿದ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಅದಕ್ಕಿಂತ ದಟ್ಟವಾಗಿ ತುಂಬಿರುತ್ತದೆ, ಉರಿಯಲು ಬೇಕಾದಷ್ಟು ಆಮ್ಲಜನಕವೇ ಅಲ್ಲಿಲ್ಲ. ಟ್ಯಾಂಕ್ ಬಿಚ್ಚಿ, ಖಾಲಿ ಮಾಡಿ, ಗಾಳಿಗೆ ಇಟ್ಟಾಗ ಆವಿ ತೆಳುವಾಗುತ್ತ ಆ ಅಪಾಯದ ಅಂಕಿಗಳ ನಡುವೆ ಬಂದು ನಿಲ್ಲುತ್ತದೆ. ಬರಿದಾದ ಪೆಟ್ರೋಲ್ ಟ್ಯಾಂಕಿಗೆ ಮೆಕ್ಯಾನಿಕ್ಕುಗಳು ಹೆದರುವುದು ಇದಕ್ಕೇ.

ಮೀಟರ್ ಕೈಕೊಟ್ಟದ್ದು ಆಕಾಶದಲ್ಲೂ ಆಗಿದೆ. 1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು 69 ಜನರನ್ನು ಹೊತ್ತು ಹೊರಡಲಿತ್ತು. ಇಂಧನ ಅಳೆಯುವ ಪೆಟ್ಟಿಗೆಯೊಳಗೆ ಒಂದು ಬೆಸುಗೆ ಸರಿಯಾಗಿ ಕೂತಿರಲಿಲ್ಲ, ಮೀಟರುಗಳು ಕೆಲಸ ಮಾಡುತ್ತಿರಲಿಲ್ಲ. ನೋಡಿ, ಅಲ್ಲೂ ಒಂದು ಸಡಿಲ ಜೋಡಣೆಯೇ! ಸರಿ, ರೆಕ್ಕೆಯ ಅಡಿಯಿಂದ ಕಡ್ಡಿ ಇಳಿಸಿ ಅಳೆದರು. ಕಡ್ಡಿ ಸತ್ಯವನ್ನೇ ಹೇಳಿತು, ಲೀಟರಿನಲ್ಲಿ. ಅದನ್ನು ಕಿಲೋಗ್ರಾಮಿಗೆ ತಿರುಗಿಸುವಾಗ ಲೀಟರಿಗೆ 0.8 ಅಂತ ಗುಣಿಸಬೇಕಿತ್ತು. ಗುಣಿಸಿದ್ದು 1.77ರಿಂದ, ಅದು ಪೌಂಡಿನ ಲೆಕ್ಕ. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನ ಹಾಕಿಕೊಂಡು ವಿಮಾನ ಏರಿತು, 41,000 ಅಡಿ ಎತ್ತರದಲ್ಲಿ ಇಂಧನ ಮುಗಿಯುತ್ತ ಬಂದು, ಒಂದಾದ ಮೇಲೊಂದರಂತೆ ಎರಡೂ ಇಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಇಂಜಿನ್ನಿಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಗಿಮ್ಲಿ ಎಂಬ ಊರಿನ ಹಳೇ ವಾಯುನೆಲೆಗೆ ವಿಮಾನವನ್ನು ತೇಲಿಸಿಕೊಂಡು ಬಂದು ಇಳಿಸಿಯೇಬಿಟ್ಟರು. ಒಬ್ಬರೂ ಸಾಯಲಿಲ್ಲ.

ಈಗ ನಿಮಗೊಂದು ಲೆಕ್ಕ. ಅಮೆರಿಕದ ಜನರಲ್ ಮೋಟಾರ್ಸ್ ಬಹುಕಾಲ ಬಳಸಿದ ಮೀಟರ್ ನಮ್ಮ ಸಿಜೆ-7ರದಕ್ಕೆ ತದ್ವಿರುದ್ಧ. ಖಾಲಿ ಅಂದರೆ 0 ಓಮ್, ತುಂಬಿದರೆ 90. ಅದರಲ್ಲಿ ಬಿಸಿಯಾಗುವ ಪಟ್ಟಿಯಿಲ್ಲ, ಕರೆಂಟ್ ಹರಿದಾಗ ಅಯಸ್ಕಾಂತವಾಗುವ ಎರಡು ಕಾಯಿಲ್‌ಗಳು ಮುಳ್ಳನ್ನು ಎರಡು ಕಡೆಗೆ ಸೆಳೆಯುತ್ತವೆ. ಬ್ಯಾಟರಿ ವೋಲ್ಟೇಜ್ ಏರಿದರೆ ಎರಡರ ಸೆಳೆತವೂ ಒಟ್ಟಿಗೆ ಏರುವುದರಿಂದ ರೆಗ್ಯುಲೇಟರಿನ ಗೊಡವೆಯೇ ಬೇಡ. ಜಾಣ ಉಪಾಯ. ಆ ಗಾಡಿಯ ಅರ್ಥ್ ಸ್ಕ್ರೂಗೂ ಅದೇ 13 ಓಮಿನ ತುಕ್ಕು ಹಿಡಿಯಿತು ಅನ್ನಿ. ಮುಳ್ಳು ಏನು ತೋರಿಸುತ್ತದೆ? ಇನ್ನು ತಂತಿ ಪೂರಾ ಕಿತ್ತುಹೋದರೆ?

ತುಕ್ಕು ಹಿಡಿದರೆ ಬರಿದಾದ ಟ್ಯಾಂಕಿಗೂ 13 ಓಮ್, ಅಂದರೆ ಸುಮಾರು ಏಳರಲ್ಲೊಂದು ಪಾಲು ಇನ್ನೂ ಇದೆ ಅನ್ನುತ್ತದೆ. ತಂತಿ ಕಿತ್ತರೆ ಎಫ್ ದಾಟಿ ಹೋಗಿ ನಿಲ್ಲುತ್ತದೆ, ಒಳಗೆ ತೊಟ್ಟು ಪೆಟ್ರೋಲ್ ಇರದಿದ್ದರೂ. ಇಂಥ ದೋಷ ಬಂದಾಗ ನಮ್ಮ ಜೀಪು ಇದ್ದದ್ದನ್ನು ಇಲ್ಲ ಅನ್ನುತ್ತದೆ, ಇದು ಇಲ್ಲದ್ದನ್ನು ಇದೆ ಅನ್ನುತ್ತದೆ. ಕಾಡಿನ ನಡುವೆ, ಬಂಕಿನಿಂದ ದೂರ ಓಡಾಡುವ ಗಾಡಿಗೆ ಯಾವುದನ್ನು ಹಾಕಬೇಕು ಅಂತ ಕೇಳಿದರೆ ನನ್ನ ಓಟು 73-10ರದಕ್ಕೆ, ಅದು ಎಷ್ಟೇ ಸೋಮಾರಿಯಾಗಿರಲಿ.